ಎರಡೊಂದು

ಶಿವಮೊಗ್ಗದ ಕೋರ್ಟಿನ ಕಾಂಪೌಂಡಿಗೆ ಆತು ನಿಂತಿದೆ
ನನ್ನ ತಗಡಿನ ಪೆಟ್ಟಿಗೆ ಅಂಗಡಿ.
ಒಂದು ಕಂಪ್ಯೂಟರು, ಒಂದು ಪ್ರಿಂಟರು,
ಕರೆಂಟು ಕೈಕೊಟ್ಟರೆ ಇರಲಿ ಅಂತ ಅಪ್ಪನ ಟೈಪ್‌ರೈಟರು.
ಪುಟಕ್ಕೆ ಮೂವತ್ತು.

ಇಪ್ಪತ್ತೆರಡು ವರ್ಷದಿಂದ ಅಪಘಾತಗಳನ್ನು ಟೈಪು ಮಾಡುತ್ತಿದ್ದೇನೆ.
ಆಯನೂರಿನ ತಿರುವು, ಮಂಡಗದ್ದೆಯ ತಿರುವು,
ಬ್ರೇಕು ಹಿಡಿಯದ ಲಾರಿ, ಹಿಡಿದೂ ಜಾರಿದ ಬಸ್ಸು.
ಎಲ್ಲ ಅರ್ಜಿಯ ಮೂರನೇ ಪ್ಯಾರಾ
ಒಂದೇ ಪದದಿಂದ ಶುರು: ಅನ್‌ಫಾರ್ಚುನೇಟ್ಲಿ.
ಬೆರಳಿಗೆ ಅದು ಬಾಯಿಪಾಠ.
ಆಗ ಕಣ್ಣು ಬೀದಿ ನೋಡುತ್ತಿರುತ್ತದೆ.

ಸೊರಬದ ಕಡೆಯ ಹುಚ್ಚಪ್ಪ ಕೇಳಿದ:
"ಅಕ್ಕ, ನನ್ನ ಗ್ರಾಚಾರಕ್ಕೆ ಇಂಗ್ಲಿಷಲ್ಲಿ ಏನಂತ ಹೊಡೆದ್ರಿ?"
ಹೇಳಿದೆ.
"ಆಗ್ಲೇ ಎದ್ದು ಹೋದೋರಿಗೂ ಅದೇ ಹೊಡೆದ್ರಲ್ಲ.
ನಂದೇ ಅಂತ ಒಂದಿಲ್ವಾ?"
ಸುಮ್ನಿರಿ, ಅಂದಳು ಹೆಂಡತಿ ಗುತ್ಯಮ್ಮ,
ಅವನ ಊರುಗೋಲು ಜಾರದಂತೆ ಮೊಣಕಾಲಲ್ಲಿ ತಡೆದು.

ನನ್ನ ಹತ್ತಿರ ಒಂದು ನಿಘಂಟಿದೆ.
ತೀರಿಹೋದ ವಕೀಲರೊಬ್ಬರ ಮನೆಯವರು ತೂಕಕ್ಕೆ ಹಾಕಿದ್ದು,
ದುರ್ಗಿಗುಡಿಯ ಬೈಂಡರು ದಸ್ತಗೀರ್ ಸಾಹೇಬರು
ಕೆಂಪು ಬೆನ್ನು ಹೊಲಿದು ಬದುಕಿಸಿಕೊಟ್ಟದ್ದು.
ಅವತ್ತು ಸಂಜೆ ನಾನು ಹುಡುಕಿದ್ದು ಬೇರೆಯದನ್ನೇ,
ಆಂಬುಲೆನ್ಸಿನ ಸ್ಪೆಲಿಂಗು.
ಅದಕ್ಕಿಂತ ಸ್ವಲ್ಪ ಮೇಲೆ, ಹುಳು ತಿಂದುಬಿಟ್ಟ ಸಾಲಿನಲ್ಲಿ,
ಆಂಬ್ಸೇಸ್.

ಲ್ಯಾಟಿನ್ನಿನಲ್ಲಿ ಆಂಬೋ ಅಂದರೆ ಎರಡೂ.
ಆಸ್ ಅಂದರೆ ಒಂದು:
ರೋಮಿನ ಸಂತೆಯಲ್ಲಿ ಕೈಬದಲಾಗುತ್ತಿದ್ದ ತಾಮ್ರದ ಬಿಲ್ಲೆ,
ನಮ್ಮ ಕಾಸಿನ ದೂರದ ದಾಯಾದಿ.
ಫ್ರೆಂಚರ ಬಾಯಲ್ಲಿ ಎರಡೂ ಬೆಸೆದುಕೊಂಡು
ಕಾಲುವೆ ದಾಟಿ ಇಂಗ್ಲಿಷಿಗೆ ಬಂದವು.
ಎರಡು ದಾಳ ಉರುಳಿ
ಎರಡರ ಮೇಲೂ ಒಂದೊಂದೇ ಚುಕ್ಕಿ ಎದ್ದರೆ ಆಂಬ್ಸೇಸ್.
ಅದಕ್ಕಿಂತ ಕೆಳಗೆ ಬೀಳಲು
ದಾಳಕ್ಕೆ ಜಾಗವಿಲ್ಲ.

ಆಮೇಲೆ ಪದ ಮಣೆ ಬಿಟ್ಟು ಇಳಿಯಿತು.
ಹಡಗು ಮುಳುಗಿದರೂ ಅದೇ, ಹಸು ಸತ್ತರೂ ಅದೇ,
ಸಂಬಂಧ ಮುರಿದರೂ.
ಕೊನೆಗೆ ಅದಕ್ಕೂ ಅದೇ ಬಿತ್ತು:
ಜನ ಮರೆತರು. ಪಕ್ಕದಲ್ಲೊಂದು ಪುಟ್ಟ ಶಿಲುಬೆಯ ಗುರುತು,
ಬಳಕೆ ತಪ್ಪಿದೆ ಎಂಬುದಕ್ಕೆ.

ಮುಂದಿನ ವಾಯಿದೆಗೆ ಬಂದಾಗ ಹುಚ್ಚಪ್ಪನಿಗೆ ಹೇಳಿದೆ.
"ಎರಡೊಂದು," ಎಂದು ಬಾಯಲ್ಲಿ ಒಮ್ಮೆ ಹೊರಳಿಸಿದ.
ಬಗ್ಗಿ ನೋಡಿಕೊಂಡ.
"ಒಂದು ಕಾಲು. ಒಂದು ಕೋಲು.
ಸರಿಯಾಗೇ ಬಿದ್ದಿದೆ ಕಣೇ ಗುತ್ಯಮ್ಮ!"

ಅವನೊಬ್ಬನೇ ನಕ್ಕ.
ಅವಳು ಬುತ್ತಿಯ ಮುಚ್ಚಳ ತಿರುಗಿಸುತ್ತಲೇ ಅಂದಳು:
"ನಮ್ಮಲ್ಲಿ ಅದು ದುಗ.
ಹಣ್ಣಿಗೆ ಇನ್ನೆರಡೇ ಮನೆ ಇದ್ದಾಗ
ಹನ್ನೆರಡು ಬಿದ್ರೆ ಏನ್ ನೆಕ್ತೀರಾ?
ದುಗಾನೇ ಬೇಕು.
ನಮ್ಮತ್ತೆ ಅದಕ್ಕೇ ಕಾದು ಕಾದು
ರಾತ್ರಿಯೆಲ್ಲ ದಾಳ ಉಜ್ಜೋರು."

ನಿಘಂಟಿನಲ್ಲಿ ಇದಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.

ಮೂರನೇ ಪ್ಯಾರಾದಲ್ಲಿ ಆ ಪದವನ್ನೇ ಹಾಕಿದೆ, ನಿಜ.
ವಕೀಲರು ಕೆಂಪು ಶಾಯಿಯಲ್ಲಿ ಸುತ್ತಿ ಕಳಿಸಿದರು:
"ಏನಮ್ಮ ಇದು? ಕಣ್ಣು ಪರೀಕ್ಷೆ ಮಾಡಿಸ್ಕೋ."
ಅಲ್ಲಿ ಬೇಕಾದದ್ದು ಬೇರೆ ಲೆಕ್ಕ:
ವಯಸ್ಸು ನಲವತ್ತೊಂದು. ಗುಣಕ ಹದಿನಾಲ್ಕು.
ಅಂಗ ಊನ ಶೇಕಡಾ ಅರವತ್ತು.
ಹಳೆಯ ಪದವನ್ನೇ ಕೂರಿಸಿ ಮತ್ತೆ ತೆಗೆದುಕೊಟ್ಟೆ.
ಆ ಪುಟಕ್ಕೆ ದುಡ್ಡು ಹಿಡಿಯಲಿಲ್ಲ,
ತಪ್ಪು ನನ್ನದಾದ್ದರಿಂದ.

ಅವರು ಮೆಟ್ಟಿಲು ಹತ್ತಿ ಹೋದರು.
ಕೋಲು. ಕಾಲು. ಕೋಲು.
ಕಾಲು. ನಡುವೆ ಅವಳ ಹವಾಯಿ ಚಪ್ಪಲಿಯ ಚಟಪಟ,
ಅದು ಯಾವ ಲೆಕ್ಕಕ್ಕೂ ಸೇರದೆ.

ಮುಂದಿನವರು ಬಂದು ಸ್ಟೂಲೆಳೆದು ಕೂತರು.
ಆಂಬುಲೆನ್ಸು ತಡವಾಗಿ ಬಂತಂತೆ.
ಸ್ಪೆಲಿಂಗು
ಈಗ ನನಗೆ ಗೊತ್ತು.